ಎಳಿ

ಅಕ್ಕಲಕೋಟ ರೋಡಿನ ಕಾರಖಾನ್ಯಾಗ
ಒಂದು ಎಳಿ ಹರದ್ರ ಮಗ್ಗ ತಾನಾಗೇ ನಿಲ್ಲತದ.
ಮೈಗೆ ಆ ಬುದ್ಧಿ ಇಲ್ಲ.

ಐದು ವರ್ಷದ ಹಿಂದ, ಒಂದಕ್ಕ ಹೋದಾಗ ಉರಿ.
ಕೊತ್ತಂಬರಿ ನೀರು ಕುಡದೆ, ಯಾರಿಗೂ ಹೇಳಲಿಲ್ಲ.
ಉರಿ ಹೋತು.
ಹೋಗಲಾರದ್ದು ಒಳಗ ಕೂತಿತ್ತು.

ಅಷ್ಟರಾಗ ಸುಗಲಾ ಎಷ್ಟು ಸೋಮವಾರ ಹಿಡದ್ಲು,
ಎಷ್ಟು ಗುಳಿಗಿ ನುಂಗಿದ್ಲು.
ಸೊಲ್ಲಾಪುರದಾಗ ನಮ್ಮವರದೇ ತೊಟ್ಟಿಲ ಕಾರ್ಯ,
ಆಕಿನ್ನ ಬಾಗಲದ ಹೊರಗ ಕೂಡಿಸಿದ್ರು.
ನಾ ಚಪ್ಪಲಿ ನೋಡಕೋತ ನಿಂತಿದ್ದೆ.

ಲ್ಯಾಬಿನ ಹುಡುಗಿ ಮರಾಠಿಯಾಗ ಕರದು ತೋರಿಸಿದ್ಲು:
ಬೆಳಕಿನಾಗ ಹರದ ಎಳಿ,
ಬಾಲ ಸುತ್ತಕೊಂಡವು, ಒಂದಕ್ಕೊಂದು ಅಂಟಿದವು,
ನಡುವ ಕೀವಿನ ಕಣ, ಚುಕ್ಕಿ ಚುಕ್ಕಿ ಬ್ಯಾಕ್ಟೀರಿಯಾ.
ಎಲ್ಲೋ ಒಂದು ಓಡತಿತ್ತು, ಲಾಳಿ ಹಂಗ.

ಡಾಕ್ಟರ್ ಅಂದ್ರು: ಇಬ್ಬರೂ ಗುಳಿಗಿ ತಗೋರಿ,
ಹೊಸಾವು ತಯಾರಾಗಲಿಕ್ಕ ಮೂರು ತಿಂಗಳು ಬೇಕು,
ಆಮ್ಯಾಲ ನೋಡೂಣು, ಖಾತ್ರಿ ಹೇಳಂಗಿಲ್ಲ.
ಹೊಸಾ ಹಾಸು ಬಿಗಿಯೂದು ನನಗ ಗೊತ್ತದ.
ಕಾಯೂದು ಗೊತ್ತಿಲ್ಲ.

ಮನ್ಯಾಗ ಅವ್ವ ಚೀಟಿ ಹಿಡದು ಕೇಳಿದಳು,
"ಮತ್ತ ಆಕಿವೇನು?"
ಒಳಗ ರೊಟ್ಟಿ ಬಡಿಯೂ ಸಪ್ಪಳ ನಿಂತಿತು.

"ನನ್ನವು," ಅಂದೆ.

ಬಹಳ ಹೊತ್ತಿನ ಮ್ಯಾಲ ಮತ್ತ ಸುರು ಆತು,
ಮದಲಿಗಿಂತ ಜೋರಾಗಿ.