ಕಾಲ್ಗಡ

ಮಂಡಿ ಮೊಹಲ್ಲಾದಲ್ಲಿ ಮಂಡಿ ಮಾಡಿಕೊಡುವವಳು ನಾನು.
ತಮಾಷೆ ನನ್ನದಲ್ಲ, ಎದುರಿನ ಟೀ ಅಂಗಡಿಯ ಅಫ್ಸರನದು;
ಹದಿನೈದು ವರ್ಷದಿಂದ ದಿನಕ್ಕೊಮ್ಮೆ ಹೇಳಿ
ದಿನಕ್ಕೊಮ್ಮೆ ತಾನೇ ನಗುತ್ತಾನೆ.

ಕೆಳಗೆ, ಈಗ ಮೊಬೈಲು ಮಾರುವ ಜಾಗದಲ್ಲಿ,
ನನ್ನಜ್ಜ ಟಾಂಗಾಗಳಿಗೆ ಕಮಾನು ಬಡಿಯುತ್ತಿದ್ದ.
ಕೆಂಪಗೆ ಕಾಸಿ, ಎಣ್ಣೆಯಲ್ಲಿ ಅದ್ದಿ,
ಕಿವಿಯ ಹತ್ತಿರ ಹಿಡಿದು ಉಗುರಿಂದ ಮೀಟಿ
ಸರಿಯಿಲ್ಲದ್ದನ್ನು ಮತ್ತೆ ಕುಲುಮೆಗೆ ಎಸೆಯುತ್ತಿದ್ದ.

ಮೇಲಿನ ಮಹಡಿ ನನ್ನದು. ಹನ್ನೆರಡು ಮೆಟ್ಟಿಲು.
ಕಾಲು ಸರಿಯಿಲ್ಲದವರ ಅಂಗಡಿಗೆ ಮೆಟ್ಟಿಲೇ ಎಂದು
ಬೈಯದವರಿಲ್ಲ. ಬಾಡಿಗೆ ಕಡಿಮೆ, ಏನು ಮಾಡಲಿ.

ಚಿಕ್ಕಜವರಯ್ಯ ಬೈಯಲಿಲ್ಲ.
ಕೆರಗೋಡು ಕಡೆಯ ನೀರುಗಂಟಿ.
ಲಕ್ವ ಹೊಡೆದ ಮೇಲೆ ಎಡಪಾದ
ಒದ್ದೆ ಪಂಚೆಯ ಹಾಗೆ ಜೋತುಬಿದ್ದು,
ಚಪ್ಪಲಿಯ ತುದಿ ಮೆಟ್ಟಿಲಿಗೆ ತಾಗಿ ತಾಗಿ
ಹನ್ನೆರಡು ಸಲ ಬಾಗಿಲು ಬಡಿದ ಹಾಗೆ ಬಂದ.

ಪ್ಲಾಸ್ಟರಿನ ಅಚ್ಚು ತೆಗೆದೆ. ಮೀನಖಂಡಕ್ಕೆ ಹೊಂದುವಂತೆ
ಪ್ಲಾಸ್ಟಿಕ್ಕು ಕಾಸಿ ಬಗ್ಗಿಸಿದೆ.
ಹರಡಿನ ಪಕ್ಕ ಕೀಲು, ಕೀಲಿನ ಹೊಟ್ಟೆಯಲ್ಲಿ
ಕಿರುಬೆರಳಷ್ಟು ಸ್ಪ್ರಿಂಗು.
ವಿವರಿಸಲು ಕೂತೆ: ನೋಡಿ, ಹೆಜ್ಜೆ ಊರಿ
ಮೈಭಾರ ಪಾದದ ಮೇಲೆ ಮುಂದಕ್ಕೆ ವಾಲುವಾಗ
ಇದು ಆ ಭಾರವನ್ನು ಕೈಗಡ ಇಸಕೊಳ್ಳುತ್ತೆ,
ಹಿಮ್ಮಡಿ ಏಳುವ ಹೊತ್ತಿಗೆ ವಾಪಸು ಕೊಡುತ್ತೆ.
ಬ್ಯಾಟರಿ ಇಲ್ಲ, ಮೋಟಾರಿಲ್ಲ.

“ಕೈಗಡ ಅಲ್ಲ ಕಣವ್ವ, ಕಾಲ್ಗಡ” ಅಂದ.
ಆಮೇಲೆ ಹೆಬ್ಬೆರಳಲ್ಲಿ ಅದುಮಿ ಬಿಟ್ಟು, ಅದುಮಿ ಬಿಟ್ಟು,
“ಓ, ತೂಬು! ನೀರ ಕಟ್ಕಂಡು ನಿಂತ್ಕಳದು,
ಗದ್ದೆ ಕೇಳ್ದಾಗ ಬುಡದು. ಎಲ್ಲ ವಾಪಸ್ ಬತ್ತದಾ?”
ಎಲ್ಲ ಬರೊಲ್ಲ. ನೂರು ಕೊಟ್ಟರೆ ತೊಂಬತ್ತು.
ಉಳಿದದ್ದು ಬಿಸಿಯಾಗಿ, ಸದ್ದಾಗಿ ಹೋಗುತ್ತೆ.
“ಓಗ್ಲಿ ಬುಡಿ. ಸೋರ್ದೆ ಇರೋ ತೂಬ ನಾ ಕಂಡಿಲ್ಲ.”

ಮೊದಲ ಸ್ಪ್ರಿಂಗು ಬಿರುಸಾಯಿತು;
ಬೀರುವಿನವರೆಗೆ ಅವನನ್ನು ನೂಕಿಬಿಟ್ಟಿತು.
ಎರಡನೆಯದು ಸೋಮಾರಿ.
ಮೂರನೆಯದಕ್ಕೆ, ಗೋಡೆ ಹಿಡಿದಿದ್ದ ಕೈ ಬಿಟ್ಟ.
ಬಿಟ್ಟದ್ದು ಅವನಿಗೆ ಗೊತ್ತಾಗಲಿಲ್ಲ. ನಾನೂ ಹೇಳಲಿಲ್ಲ.

ತಿಂಗಳು ಕಳೆದು ಮತ್ತೆ ಬಂದ, ಜೊತೆಗೆ ಹೆಂಡತಿ.
ಕೀಲಿನ ತುಂಬ ನಾಲೆಯ ಮೆಕ್ಕಲು,
ಅದರೊಳಗೆ ಒಂದು ಭತ್ತದ ಕಾಳು, ಮೊಳೆತದ್ದು.
ದೂರು ಅದರ ಬಗ್ಗೆ ಅಲ್ಲ.
“ಟಿಕ್ ಟಿಕ್ ಅಂತದೆ ಕಣವ್ವ.
ರಾತ್ರಿ ಸರದಿ ತಪ್ಸಿ ತೂಬೆತ್ತೋ ನನ್ಮಕ್ಳು
ಅರ್ಧ ಮೈಲಿಯಿಂದ್ಲೇ ಕೇಳುಸ್ಕಂಡು
ನಾ ಓಗೋ ಒತ್ಗೆ ಬೀಡಿ ಸೇದ್ತಾ ಕುಂತಿರ್ತರೆ.
ಊಟ ಆಯ್ತಾ ಜವರಣ್ಣ, ಅಂತರೆ.”

ಅಫ್ಸರನಿಂದ ಟೀ ತರಿಸಿದೆ, ನಗು ಮರೆಸಲು ಏನಾದರೂ ಬೇಕಿತ್ತು.
ನೈಲಾನು ಹಾಕಿ ನೋಡಿದೆ, ಸೈಕಲ್ಲಿನ ಹಳೇ ಟ್ಯೂಬು ಕೂಡ.
ಕೊನೆಗೆ ಅಜ್ಜನ ಪೆಟ್ಟಿಗೆಯ ತಳದಲ್ಲಿ
ಯಾವುದೋ ಕುದುರೆಯ ಲಗಾಮಿನ ತುಂಡು:
ಎರಡು ಬಿಲ್ಲೆ ಕತ್ತರಿಸಿ, ಎಣ್ಣೆ ಕುಡಿಸಿ, ಕೀಲಿನೊಳಗೆ ಕೂರಿಸಿದೆ.

ಸದ್ದು ಸತ್ತಿತು.
ಕೋಣೆಯ ಉದ್ದಕ್ಕೆ ನಡೆದ, ಬಂದ, ಮೀಸೆಯಲ್ಲೇ ನಕ್ಕ.
ಅಲ್ಲಿಯವರೆಗೆ ಬಾಗಿಲ ಬಳಿ ತುಟಿ ಬಿಚ್ಚದೆ ಕೂತಿದ್ದ ದೇವೀರಮ್ಮ
“ಅಂಗಾರೆ ಇನ್ಮೇಲೆ ಏರಿ ಮ್ಯಾಲೆ ಬತ್ತಾವ್ನೋ ಇಲ್ವೋ
ನಂಗೆಂಗ್ ಗೊತ್ತಾಗದು?” ಅಂದಳು.

ಯಾರೂ ಉತ್ತರ ಕೊಡಲಿಲ್ಲ.
ಕೀಲು ನುಂಗಿದ ಆ ಹತ್ತು ಪಾಲಿಗೆ
ನನ್ನ ಲೆಕ್ಕದಲ್ಲಿ ಇದ್ದದ್ದು
ನಷ್ಟ ಎಂಬ ಒಂದೇ ಕಾಲಮ್ಮು.

ನಾಲ್ಕರ ಬಸ್ಸಿಗೆ ಎದ್ದರು.
ಮೆಟ್ಟಿಲಲ್ಲಿ ಅವಳ ಚಪ್ಪಲಿ ಕೇಳುತ್ತಿತ್ತು,
ಅವನದು ಇಲ್ಲ.
ಅರ ಕೆಳಗಿಟ್ಟು ಕಿವಿಗೊಟ್ಟೆ.
ಹನ್ನೆರಡಾಗಬೇಕಾದ ಹೊತ್ತು ಕಳೆದು,
ಇನ್ನೂ ತುಸು ಕಳೆದು,
ಬೀದಿಯಿಂದ ಕೂಗು:
“ಇಳ್ದೆ ಕಣವ್ವಾ!”