ಏಳನೆಯ ಪ್ರಶ್ನೆ

ಬೆಳಗ್ಗೆ ಏಳಕ್ಕೆ ಬರುತ್ತಾರೆ, ಬರಿಹೊಟ್ಟೆಯಲ್ಲಿ.
ಸಂಜೆ ಆರಕ್ಕೆ ಹೊರಡುತ್ತಾರೆ, ಹೊಲಿಗೆ ಹಾಕಿಸಿಕೊಂಡು.
ಸೆತೂಬಲ್ ಆಸ್ಪತ್ರೆಯ ಈ ನಮ್ಮ ವಾರ್ಡಿನಲ್ಲಿ
ರಾತ್ರಿ ಎಂಬುದೇ ಇಲ್ಲ.
ಕಿಟಕಿಗೆ ಪರದೆ ಹೊಲಿಸುವ ಗೋಜಿಗೂ
ಯಾರೂ ಹೋಗಿಲ್ಲ.

ಪ್ರಶ್ನೆ ಕೇಳುವುದು ನನ್ನ ಕೆಲಸ.
ಕೊನೆಯ ಗುಟುಕು ನೀರು ಕುಡಿದದ್ದು ಎಷ್ಟು ಹೊತ್ತಿಗೆ?
ಕಟ್ಟಿಸಿದ ಹಲ್ಲು ಉಂಟೆ?
ಮೈಗಾಗದ ಮಾತ್ರೆ ಯಾವುದು?
ಆರರ ತನಕ ಸಲೀಸು.
ಏಳನೆಯದಕ್ಕೆ ಕೆಲವರು ತಡವರಿಸುತ್ತಾರೆ:
ಮನೆಗೆ ಕರೆದೊಯ್ಯುವವರು ಯಾರು?
ರಾತ್ರಿ ಜೊತೆಗೆ ಮಲಗುವವರು ಯಾರು?

ಎರ್ಮೆಲಿಂದಾ. ಅರವತ್ತೇಳು. ಬಲ ತೊಡೆಸಂದಿಯ ಹರ್ನಿಯಾ.
ಮೂವತ್ತು ವರ್ಷ ಸಾರ್ಡೀನ್ ಕಾರ್ಖಾನೆಯಲ್ಲಿ
ತಲೆ ಕತ್ತರಿಸಿ, ಕರುಳು ಕಿತ್ತು
ಡಬ್ಬಿಯಲ್ಲಿ ಸಾಲಾಗಿ ಮಲಗಿಸಿದವಳು.
"ನಿಮಿಷಕ್ಕೆ ಇಪ್ಪತ್ತು ಮೀನು ಮುಗಿಸ್ತಿದ್ದೆ.
ನಿಮ್ಮ ಡಾಕ್ಟರಿಗೆ ನನ್ನೊಬ್ಬಳಿಗೇ
ನಲವತ್ತು ನಿಮಿಷ ಬೇಕಂತೆ!"
ನಕ್ಕಳು. ನಾನೂ ನಕ್ಕೆ.
ಆಮೇಲೆ ಏಳನೆಯದನ್ನು ಕೇಳಿದೆ.

"ಟ್ಯಾಕ್ಸಿ."
ಟ್ಯಾಕ್ಸಿ ಆಗದು.
"ರೇಡಿಯೋ ಇದೆಯಲ್ಲ, ರಾತ್ರಿಯಿಡೀ ಮಾತಾಡುತ್ತೆ."
ಹೆಸರು ಬೇಕು, ಫೋನ್ ನಂಬರು ಬೇಕು,
ಇಲ್ಲದಿದ್ದರೆ ಆಪರೇಷನ್ ಮುಂದಕ್ಕೆ.
ಎರಡು ಸಲ ಹಾಗೇ ಮುಂದಕ್ಕೆ ಹೋಗಿದೆ,
ಕಡತದಲ್ಲಿ ಬೇರೆಯವರ ಕೈಬರಹ: 'ಯಾರೂ ಇಲ್ಲ'.

ಸೂರು ನೋಡುತ್ತ ಬಹಳ ಹೊತ್ತು ಸುಮ್ಮನಿದ್ದಳು.
ಗಂಟಲಲ್ಲಿ ಸಿಕ್ಕ ಮೀನುಮುಳ್ಳು ಉಗುಳಿದಂತೆ
ಹೇಳಿದಳು, "ಜುಲ್ಮೀರಾ. ಕೆಳಗಿನ ಮನೆಯವಳು."
ಸಂಬಂಧ? ಅದಕ್ಕೊಂದು ಖಾನೆಯಿದೆ.
"ಜಗಳ."
ಬರೆದುಕೊಂಡೆ: ನೆರೆ.

ಹನ್ನೊಂದು ವರ್ಷದ ಹಿಂದೆ
ಮೇಲಿನ ಹಗ್ಗದ ಒದ್ದೆ ಚಾದರ
ಕೆಳಗಿನ ಒಣ ಅಂಗಿಗಳ ಮೇಲೆ ತೊಟ್ಟಿಕ್ಕಿತ್ತಂತೆ.
ಅಷ್ಟೇ.
ಅಂದಿನಿಂದ ಮೆಟ್ಟಿಲಲ್ಲಿ ಎದುರಾದರೆ
ಒಬ್ಬಳು ಗೋಡೆ ನೋಡುತ್ತಾಳೆ,
ಇನ್ನೊಬ್ಬಳು ಚೀಲದೊಳಗೆ ಬೀಗದಕೈ ಹುಡುಕುತ್ತಾಳೆ.

ಫೋನು ಮಾಡಿದೆ. ವಿಷಯ ಹೇಳಿದೆ.
ಆ ಕಡೆ ಕುಕ್ಕರಿನ ಸೀಟಿ ಮಾತ್ರ.
ಒಂದು. ಎರಡು.
"ಎಷ್ಟು ಗಂಟೆಗೆ?"

ಬಲ ತೊಡೆಯ ಮೇಲೆ ಶಾಯಿಯ ಬಾಣದ ಗುರುತು,
ಮೂಗಿಗೆ ಮುಖವಾಡ.
ನೂರರಿಂದ ಹಿಂದಕ್ಕೆ ಎಣಿಸಿ ಎಂದರೆ
ಒಂದರಿಂದ ಮುಂದಕ್ಕೆ ಎಣಿಸತೊಡಗಿದಳು, ಕಾರ್ಖಾನೆಯ ಲಯದಲ್ಲಿ.
ಆರಕ್ಕೆ ನಿಂತಳು.

ಮಧ್ಯಾಹ್ನ ಎರಡು ಬಿಸ್ಕತ್ತು, ಅರ್ಧ ಲೋಟ ಚಹಾ.
ಹತ್ತು ಹೆಜ್ಜೆ ನಡೆದಳು, ಗೋಡೆ ಹಿಡಿದು.
ಮೂತ್ರವಾಯಿತೆ? ಆಯಿತು.
ಈ ವಾರ್ಡಿನಲ್ಲಿ ಅದು ಹಬ್ಬದ ಸುದ್ದಿ.

ಆರಕ್ಕೆ ಬಾ ಎಂದರೆ ಜುಲ್ಮೀರಾ ನಾಲ್ಕೂವರೆಗೇ ಬಂದು
ಹೊರಗಿನ ಬೆಂಚಿನ ತುದಿಯಲ್ಲಿ ಕೂತಿದ್ದಳು.
ಚರ್ಚಿಗೆ ಹಾಕುವ ಚಪ್ಪಲಿ, ತೊಡೆಯ ಮೇಲೆ
ಇಸ್ತ್ರಿ ಮಾಡಿ ಮಡಿಸಿದ ದಿಂಬಿನ ಚೀಲ.
"ಗಾಳಿಗೆ ನಮ್ಮ ಬಾಲ್ಕನಿಗೆ ಬಿದ್ದಿತ್ತು" ಅಂದಳು,
ನನಗೆ, ಅವಳಿಗಲ್ಲ.
"ಬಟ್ಟೆ ಹಿಂಡೋಕೆ ಇವಳಿಗೆ ಇನ್ನೂ ಬರಲ್ಲ."
"ಭಾರ ಎತ್ತಬಾರದಂತೆ ಆರು ವಾರ" ಅಂದಳು ಎರ್ಮೆಲಿಂದಾ,
ಅವಳೂ ನನಗೇ.
ಇಬ್ಬರ ನಡುವೆ ನಿಂತು ನಾನು
ಮಾತ್ರೆಗಳನ್ನು ಯಾರ ಕೈಗೆ ಕೊಡಲಿ?
ಚಾಚಿದ್ದು ಕೆಳಗಿನ ಮನೆಯ ಕೈ.

ಲಿಫ್ಟಿನ ಬಾಗಿಲು ಮುಚ್ಚುವಾಗ ಕಂಡದ್ದು ಇಷ್ಟು:
ಒಬ್ಬಳು ಗುಂಡಿ ಒತ್ತುತ್ತಿದ್ದಳು,
ಇನ್ನೊಬ್ಬಳು ಅವಳ ತೋಳನ್ನು
ಮೀನು ಹಿಡಿದಂತೆ ಹಿಡಿದಿದ್ದಳು,
ಜಾರದ ಹಾಗೆ.

ಮರುದಿನ ಹತ್ತಕ್ಕೆ ವಿಚಾರಿಸಬೇಕು, ನಿಯಮ.
ಮೇಲಿನ ಮನೆಯ ಫೋನು ಎತ್ತಿದ್ದು ಕೆಳಗಿನವಳು.
ಜ್ವರವಿಲ್ಲ. ರಕ್ತವಿಲ್ಲ. ಸೂಪು ಕುಡಿದಳು, ಉಪ್ಪು ಸಾಲದೆಂದಳು.
"ರೇಡಿಯೋ ರಾತ್ರಿಯಿಡೀ. ನನಗೆ ಕಣ್ಣಿಗೆ ಕಣ್ಣು ಹತ್ತಿದ್ದರೆ ಕೇಳಿ."
ಇಪ್ಪತ್ನಾಲ್ಕು ಗಂಟೆ ಇವತ್ತು ಸಂಜೆಗೆ ಮುಗಿಯುತ್ತೆ,
ಆಮೇಲೆ ನೀವು ಹೊರಡಬಹುದು ಎಂದೆ.
"ಗೊತ್ತು ಬಿಡಿ."
ಒಳಗಿನಿಂದ ಕೂಗು ಕೇಳಿಸಿತು: ಯಾರದು ಫೋನು?
"ಯಾರೂ ಅಲ್ಲ" ಎಂದಳು ಜುಲ್ಮೀರಾ,
ಇಟ್ಟುಬಿಟ್ಟಳು.