ಮೇಲಿನದು, ಕೆಳಗಿನದು

ಚಿಯಾತುರ ಅಂದರೆ ಊರಲ್ಲ, ಒಂದು ಬಿರುಕು.
ತಳದಲ್ಲಿ ಹೊಳೆ, ಮ್ಯಾಂಗನೀಸು ತೊಳೆದ ಕಪ್ಪು ನೀರು, ಸಂತೆ.
ನೆತ್ತಿಯಲ್ಲಿ ಗಣಿ, ಗಣಿಯವರ ಮನೆಗಳು.
ನಡುವೆ ತಂತಿಗೆ ಜೋತುಬಿದ್ದ ತಗಡಿನ ಪೆಟ್ಟಿಗೆ,
ಪೆಟ್ಟಿಗೆಯೊಳಗೆ ಮೂವತ್ತೊಂದು ವರ್ಷ
ನಾನು.

ಬಾಗಿಲು ಹಾಕು, ಗಂಟೆ ಒತ್ತು, ಮೇಲೆ ಹೋಗು.
ಬಾಗಿಲು ತೆಗೆ, ಜನ ಇಳಿಸು, ಕೆಳಗೆ ಬಾ.
ಹೀಗಿರುವಾಗ ಪಕ್ಕದ ಮನೆ ಲಮ್ಝೀರಾ, ಹಳೇ ನರ್ಸು,
ನನ್ನ ತೋಳಿಗೆ ಪಟ್ಟಿ ಸುತ್ತಿ, ಬುರುಡೆ ಒತ್ತಿ ಒತ್ತಿ,
ಮೇಲಿನದು ನೂರಾ ಎಂಬತ್ತೆರಡು,
ಕೆಳಗಿನದು ನೂರಾ ಎಂಟು ಅಂದಾಗ
ನಗು ಬಂತು.
ಮೇಲು ಕೆಳಗು ನನಗೆ ಹೇಳಿಕೊಡಬೇಕೇ?

ಅವಳು ನಗಲಿಲ್ಲ.
ನೋವಿದೆಯಾ? ಇಲ್ಲ.
ತಲೆಸುತ್ತು? ಇಲ್ಲ. ಏನೂ ಇಲ್ಲ.
ಅದೇ ಎತೇರಿ, ಅದೇ, ಅಂದಳು.

ನಮ್ಮ ತಂತಿಗೆ ಗ್ರೀಸು ಹಚ್ಚುತ್ತಿದ್ದವನು ಗೇನೋ.
ಕಿರುಗುಟ್ಟುವ ರಾಟೆಗೆ ಹೆದರಬೇಡಿ ಅನ್ನುವನು,
ಅದು ಎಣ್ಣೆ ಕೇಳುತ್ತಿದೆ, ಕೊಟ್ಟರೆ ಸುಮ್ಮನಾಗುತ್ತದೆ.
ಸುಮ್ಮನೆ ಇರುವ ತಂತಿಯನ್ನು ದಿನಾ ಮುಟ್ಟಿ ನೋಡಿ,
ಒಳಗೊಳಗೇ ಎಳೆ ಎಳೆ ಬಿಡುವುದು ಅದೇ.
ಇಷ್ಟು ಬಲ್ಲವನು
ತನ್ನ ಮಾತ್ರೆ ಮಾತ್ರ ಮೂರನೇ ತಿಂಗಳಿಗೆ ಬಿಟ್ಟ.
ಏನೂ ಆಗ್ತಿಲ್ಲವಲ್ಲ, ಅಂದ.
ಜನವರಿಯಲ್ಲಿ ಮೇಲಿನ ನಿಲ್ದಾಣದ ಮೆಟ್ಟಿಲ ಮೇಲೆ ಸಿಕ್ಕ,
ಗ್ರೀಸಿನ ಡಬ್ಬಿ ಹಿಡಿದೇ ಇದ್ದ.

ಅವನ ನಲವತ್ತನೇ ದಿನದ ಊಟದಲ್ಲಿ
ಎಲ್ಲರೂ ರೊಟ್ಟಿಯ ಚೂರನ್ನು ವೈನಿಗೆ ಅದ್ದಿ ಸತ್ತವನನ್ನು ನೆನೆದರು.
ನನ್ನ ಲೋಟದಲ್ಲಿ ನೀರು.
ಹಿರಿಯ ಸೊಸೊ ಬಟ್ಟಲು ಎತ್ತಿದವನು ನನ್ನ ಕಡೆ ನೋಡಿ ಹುಬ್ಬು ಗಂಟಿಕ್ಕಿದ.
ಹಾಗಾದರೆ ಒಂದು ಗುಟುಕು ಬಿಯರು ಕೊಡಿ, ಅಂದೆ.
ಪಂಕ್ತಿಯೆಲ್ಲ ತಟಸ್ಥ.
ನಮ್ಮಲ್ಲಿ ಬಿಯರು ಎತ್ತಿ ಹರಸುವುದು ಶತ್ರುವನ್ನು.
ಎದ್ದು ನಿಂತೆ, ನಿಧಾನವಾಗಿ,
(ಈಗ ಎಲ್ಲಿಂದ ಎದ್ದರೂ ನಿಧಾನ,
ಇಲ್ಲದಿದ್ದರೆ ಗೋಡೆ ಬಂದು ಕೈ ಹಿಡಿಯುತ್ತದೆ)
ನನ್ನ ಬಿಪಿಗೆ, ಅಂದೆ.
ನೂರು ಕಾಲ ಬಾಳು ಮಾರಾಯ,
ಆದರೆ ತಗ್ಗಿ ಬಾಳು.
ಗೇನೋನ ಹೆಂಡತಿಯೇ ಮೊದಲು ನಕ್ಕಿದ್ದು,
ಆಮೇಲೆ ಅತ್ತಿದ್ದೂ ಅವಳೇ.

ಮಾತ್ರೆ ಬೆಳಿಗ್ಗೆ ಒಂದು, ರಾತ್ರಿ ಅರ್ಧ.
ಆ ಅರ್ಧ ಎಂದೂ ಸರಿಯಾಗಿ ಅರ್ಧವಾಗುವುದಿಲ್ಲ,
ಬ್ರೆಡ್ಡಿನ ಚಾಕುವಿಗೆ ಸಿಡಿದು ಒಲೆಯ ಕೆಳಗೆ ಓಡುತ್ತದೆ.
ಸಂಜೆ ಹೊತ್ತಿಗೆ ಹರಡು ಊದಿ,
ಕಾಲುಚೀಲ ಬಿಚ್ಚಿದರೆ ಸುತ್ತ ಒಂದು ಉಂಗುರ.
ಪಿಂಚಣಿಗೆ ನಾಲ್ಕು ದಿನ ಇದೆ ಅನ್ನುವಾಗ ಹಾಳೆ ಖಾಲಿ.
ಅಂಗಡಿಯ ಹುಡುಗಿ ಮೆಡಿಕೋ ಒಳ್ಳೆಯವಳು,
ಕತ್ತರಿ ತಗೊಂಡು ನಾಲ್ಕೇ ನಾಲ್ಕು ಕತ್ತರಿಸಿ ಕೊಡುತ್ತಾಳೆ,
ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ.

ಉಪ್ಪಿನ ಸಂಗತಿ ಬೇರೆ.
ಉಪ್ಪು ತಿಂದವರು ನೀರು ಕುಡಿಯಲೇಬೇಕು, ಸರಿ,
ನಮ್ಮನೆಯಲ್ಲಿ ಈಗ ಚೀಸೇ ನೀರು ಕುಡಿಯುತ್ತದೆ.
ಸುಲುಗುನಿಯ ಉಂಡೆ ರಾತ್ರಿಯೆಲ್ಲಾ ಬೋಗುಣಿಯಲ್ಲಿ ಮುಳುಗಿ
ಬೆಳಿಗ್ಗೆ ಬೆಪ್ಪಾಗಿ ತೇಲುತ್ತಿರುತ್ತದೆ,
ಮೇಷ್ಟ್ರ ಮುಂದೆ ನಿಂತ ಪುಂಡನ ಹಾಗೆ.
ಆ ನೀರನ್ನು ಚೆಲ್ಲುವ ಮುಂಚೆ
ಬೆರಳು ಅದ್ದಿ ನೆಕ್ಕುತ್ತೇನೆ.
ಲಮ್ಝೀರಾಗೆ ಹೇಳಬೇಡಿ.

ತಗಡಿನ ಪೆಟ್ಟಿಗೆಗಳು ನಿಂತವು. ಈಗ ಹೊಸವು, ಗಾಜಿನವು,
ತಾವೇ ಬಾಗಿಲು ಹಾಕಿಕೊಳ್ಳುತ್ತವೆ.
ನಾನೀಗ ಬರೀ ಪ್ರಯಾಣಿಕಳು,
ಕೈಗೆ ಏನು ಮಾಡಬೇಕೆಂದು ತೋಚುವುದಿಲ್ಲ.
ಕೊನೆಯ ದಿನ ನಾನು ಮನೆಗೆ ತಂದದ್ದು ಡ್ಯೂಟಿ ರಿಜಿಸ್ಟರು,
ಹಿಂದೆ ಇನ್ನೂ ಖಾಲಿ ಹಾಳೆಗಳಿದ್ದವು.
ಅದರಲ್ಲೇ ಬರೆಯುತ್ತೇನೆ: ತಾರೀಖು. ಮೇಲೆ. ಕೆಳಗೆ. ಷರಾ.
ಆಗ ಮೇಲೆ ಎಷ್ಟು ಜನ, ಕೆಳಗೆ ಎಷ್ಟು ಜನ;
ಷರಾದಲ್ಲಿ: ಗಾಳಿ ಜೋರು. ಕರೆಂಟು ಹೋಗಿ
ನಲವತ್ತು ನಿಮಿಷ ನಡುವೆಯೇ. ಒಬ್ಬಳು ಬಸುರಿ, ಎರಡು ಕೋಳಿ.
ಈಗ ಷರಾದಲ್ಲಿ: ಉಪ್ಪಿನಕಾಯಿ. ಜಗಳ, ತಂಗಿಯ ಜೊತೆ.
ನಿದ್ದೆ ಇಲ್ಲ. ಮಾತ್ರೆ ಮರೆತೆ. ಮರೆಯಲಿಲ್ಲ, ಬೇಡ ಅನ್ನಿಸಿತು.

ಇವತ್ತು ಮೇಲೆ ನೂರಾ ಮೂವತ್ತನಾಲ್ಕು,
ಕೆಳಗೆ ಎಂಬತ್ತನಾಲ್ಕು.
ಷರಾ: ಏನೂ ಇಲ್ಲ
ಅಂತ ಬರೆದು, ಪೆನ್ನು ಎತ್ತದೆ ಸ್ವಲ್ಪ ಹೊತ್ತು ಕೂತೆ.
ಏನೂ ಇಲ್ಲ.
ಎದ್ದೆ. ನಿಧಾನ.
ನೀರು ತಂದೆ.